ಇಂಥ ಆರೋಪಿಯ ಪರವಾಗಿ ನನ್ನ ಮಗಳು ಏಕೆ ನಿಲ್ಲಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ

ನನ್ನ ಮಗಳು ವಕೀಲಿ ಸನ್ನದು ಪಡೆದು ನಾಲ್ಕು ವರ್ಷಗಳಾದವು. ಈಚೆಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆರೋಪಿಗಳ ಪರ ವಾದಿಸುವ ತಂಡಕ್ಕೆ ಸಹಾಯಕ ವಕೀಲೆಯಾಗಿ ಸೇರಿದ್ದಾಳೆ. ಅವಳ ಹಿರಿಯರಿಗೆ ಈಗ ಒಂದು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣ ಬಂದಿದೆ. ಜೀವಾವಧಿ ಶಿಕ್ಷೆಯಾಗಬಹುದಾದ ಆರೋಪ; ಕಡತ ಕೈಸೇರಿದ್ದು ಶುಕ್ರವಾರ, ಸಾಕ್ಷಿ ವಿಚಾರಣೆ ಬುಧವಾರ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಆ ಪುಟ್ಟ ಹುಡುಗಿಗೆ ನನ್ನ ಮಗಳೇ ಪಾಟೀ ಸವಾಲು ಹಾಕುವ ದೃಶ್ಯ ಕಣ್ಣಿಗೆ ಕಟ್ಟಿ ನಿದ್ದೆ ಬರುತ್ತಿಲ್ಲ. ಅಂಥವನಿಗೇಕೆ ವಕೀಲರು ಎಂದು ಬಂಧುಗಳು ಕೇಳುತ್ತಿದ್ದಾರೆ. ಆರೋಪಿಗೆ ವಕೀಲರಿರಬೇಕೆಂಬ ಕಾನೂನು ನನಗೆ ಗೊತ್ತಿದೆ. ಅದು ಏಕಿದೆ ಎಂಬುದನ್ನು, ಇಂಥ ಪ್ರಕರಣವನ್ನೇ ಎದುರಿಗಿಟ್ಟುಕೊಂಡು, ತಿಳಿದವರು ಹೇಳುವಿರಾ?

ಉತ್ತರ 1: ಕ್ರಿಮಿನಲ್ ವಕೀಲ, ಧಾರವಾಡ

ಅಕ್ಕಾವರೇ, ಮೊದಲು ನಿಮ್ಮ ಕಣ್ಣಿಗೆ ಕಟ್ಟಿದ ಆ ದೃಶ್ಯದ ಬಗ್ಗೆ ಹೇಳುತ್ತೇನೆ. ಪೋಕ್ಸೊ ಕಾಯ್ದೆಯ 33ನೇ ಕಲಮಿನ ಪ್ರಕಾರ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಒಪ್ಪಿಸಬೇಕು, ಅವರೇ ಮಗುವನ್ನು ಕೇಳುತ್ತಾರೆ. ಸಾಕ್ಷ್ಯ ನುಡಿಯುವಾಗ ಆರೋಪಿಯು ಮಗುವಿನ ಕಣ್ಣಿಗೆ ಬೀಳದಂತೆಯೂ ನೋಡಿಕೊಳ್ಳಬೇಕು. ಅಷ್ಟಕ್ಕೂ ಇಂಥ ಪ್ರಕರಣಗಳಲ್ಲಿ ಒಳ್ಳೆಯ ವಕೀಲರು ಹೆಚ್ಚು ಕೆದಕುವುದು ಮಗುವನ್ನಲ್ಲ. ಮಹಜರು (ಸ್ಥಳದಲ್ಲಿ ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಪೊಲೀಸರು ಬರೆದಿಡುವ ದಾಖಲೆ) ನಡೆದದ್ದು ಎಲ್ಲಿ, ಅದಕ್ಕೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರು ನಿಜಕ್ಕೂ ಅಲ್ಲಿದ್ದರೇ, ಪ್ರಯೋಗಾಲಯಕ್ಕೆ ಹೋದ ಮಾದರಿಗೆ ಮೊಹರು ಹಾಕಿದವರು ಯಾರು, ಅದು ಅಷ್ಟು ದಿನ ಯಾರ ವಶದಲ್ಲಿತ್ತು ಎಂಬುದನ್ನು ಅವರು ಒಂದೊಂದಾಗಿ ಬಿಡಿಸಿ ಕೇಳುತ್ತಾರೆ.

ಈ ಕೆಲಸ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಪ್ರಕರಣವೊಂದಿದೆ. ಬಾಲಕಿಯ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪ. 2013ರ ಫೆಬ್ರುವರಿ 19ರಂದು ಆರೋಪಿಗೆ ಕಾನೂನು ನೆರವಿನ ವಕೀಲರನ್ನು ನೇಮಿಸಿ, ಅದೇ ದಿನ ಆರೋಪ ನಿಗದಿ ಮಾಡಿದರು. ಎರಡು ವಾರ ತುಂಬುವುದರೊಳಗೆ ವಿಚಾರಣೆ ಮುಗಿದು ಮರಣದಂಡನೆಯೂ ಆಯಿತು. ಕಡತ ಓದಲು, ಕಕ್ಷಿದಾರನೊಡನೆ ಕುಳಿತು ಮಾತನಾಡಲು ಆ ವಕೀಲರಿಗೆ ಬಿಡುವೇ ಸಿಗಲಿಲ್ಲ. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಜೀವಾವಧಿ ಅಥವಾ ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಕನಿಷ್ಠ 10 ವರ್ಷ ಅನುಭವವಿರುವ ವಕೀಲರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳಾದರೂ ಸಿಗಬೇಕು ಎಂದಿತು. ಆ ವ್ಯಕ್ತಿ 2024ರಲ್ಲಿ ಖುಲಾಸೆಯಾದ. ಹನ್ನೊಂದು ವರ್ಷ ಕಳೆದ ಮೇಲೂ ಕೊಂದವರು ಯಾರೆಂಬ ಪ್ರಶ್ನೆಗೆ ಆ ಮಗುವಿನ ತಂದೆತಾಯಿಗೆ ಉತ್ತರ ಸಿಗಲಿಲ್ಲ. ಆರೋಪಿಯ ವಕೀಲರಿಗೆ ಸಮಯ ಕೊಡದೆ ಮಾಡಿದ ಅವಸರ ಆ ಮನೆಯವರಿಗೂ ಅನ್ಯಾಯವನ್ನೇ ಮಾಡಿತು ಎಂದು ನಾನು ನಂಬಿದ್ದೇನೆ.

ಉತ್ತರ 2: ಸಣ್ಣ ವ್ಯಾಪಾರಿ, ದಾವಣಗೆರೆ

ನನ್ನ ತಮ್ಮನನ್ನು ಒಂದು ಪ್ರಕರಣದಲ್ಲಿ ಬಂಧಿಸಿದಾಗ ನಮ್ಮ ಮನೆಯಲ್ಲಿ ಕಾನೂನು ಬಲ್ಲವರು ಯಾರೂ ಇರಲಿಲ್ಲ. ಪ್ರಕರಣಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ಆರೋಪಪಟ್ಟಿ ಬರುವ ಮೊದಲೇ ನಾವಾಗಿ ಅದನ್ನು ಕೇಳಬೇಕು ಎಂಬುದು ನಮಗೆ ಗೊತ್ತಾಗುವಷ್ಟರಲ್ಲಿ ಆರೋಪಪಟ್ಟಿ ಬಂದುಬಿಟ್ಟಿತ್ತು. ಗಡುವು ಮುಗಿದ ಮರುದಿನ ಒಬ್ಬ ವಕೀಲರು ಒಂದು ಪುಟದ ಅರ್ಜಿ ಹಾಕಿದ್ದರೆ ಅವನು ಮನೆಗೆ ಬರುತ್ತಿದ್ದ. ನಿಮ್ಮ ಮಗಳಂಥವರು ಆಗ ನಮಗೆ ಸಿಗಲಿಲ್ಲ ಎಂಬ ನೋವು ಇಂದಿಗೂ ಇದೆ.

ಉತ್ತರ 3: ಕಾನೂನು ಉಪನ್ಯಾಸಕಿ, ಮೈಸೂರು

ಬಂಧುಗಳ ಮಾತಿಗೆ ಒಂದು ಉತ್ತರವಿದೆ. ಇಂಥವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳಿಗೆ ಯಾವ ಬೆಲೆಯೂ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥ ನಿರ್ಣಯವಾಯಿತು. ಹೈಕೋರ್ಟ್ ಅದನ್ನು ಕಟುವಾಗಿ ಆಕ್ಷೇಪಿಸಿತು, ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ವಕೀಲರ ಪರಿಷತ್ತಿನ ನಿಯಮವೂ ಸ್ಪಷ್ಟವಾಗಿದೆ: ಆರೋಪಿ ತಪ್ಪಿತಸ್ಥನೆಂದು ವಕೀಲರಿಗೆ ವೈಯಕ್ತಿಕವಾಗಿ ಅನ್ನಿಸಿದರೂ ಅವರು ಅವನ ಪರ ವಾದಿಸಬೇಕು. ಅನ್ನಿಸಿಕೆಯನ್ನು ಸಾಕ್ಷ್ಯದೊಡನೆ ತೂಗಿ ನೋಡುವವರು ನ್ಯಾಯಾಧೀಶರು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಧಾರವಾಡದ ವಕೀಲರು ಬರೆದ 7 ದಿನಗಳ ವಿಷಯವನ್ನು ಮಗಳಿಗೆ ಓದಿ ಹೇಳಿದೆ. ಅವಳಿಗೆ ಆ ತೀರ್ಪು ಮೊದಲೇ ಗೊತ್ತಿತ್ತಂತೆ. ಬುಧವಾರ ಸಮಯ ಕೋರಲು ಹಿರಿಯರು ಅರ್ಜಿ ಸಿದ್ಧಪಡಿಸಿದ್ದಾರೆ. ಊಟದ ಮೇಜಿನ ಮೇಲೆ ಮಹಜರಿನ ಪ್ರತಿಗಳನ್ನು ಹರಡಿಕೊಂಡು ಕುಳಿತಿದ್ದಾಳೆ, ಇವತ್ತು ನಾನು ಅವನ್ನು ತೆಗೆದಿಡು ಎನ್ನಲಿಲ್ಲ.