ಪಾರ್ನೆಲ್ ಸಂಸತ್ತಿನಲ್ಲಿ ಮಾಡಿದ್ದು ಕೆಲಸವೋ, ಅಡ್ಡಗಾಲೋ?

ತುಂಗಾತೀರ: ಐರ್ಲೆಂಡಿನ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ 1875ರಲ್ಲಿ ಮೀತ್ ಕ್ಷೇತ್ರದಿಂದ ಗೆದ್ದು ಲಂಡನ್ನಿನ ಕಾಮನ್ಸ್ ಸಭೆಗೆ, ಅಂದರೆ ಆಗ ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟಿಷ್ ಸಂಸತ್ತಿನ ಕೆಳಮನೆಗೆ ಹೋದರು. ಜೊತೆಗೆ ನಿಂತವರು ಬೆರಳೆಣಿಕೆಯ ಜನ. ಆದರೂ ಗಂಟೆಗಟ್ಟಲೆ ಮಾತಾಡಿ, ತಿದ್ದುಪಡಿ ಮೇಲೆ ತಿದ್ದುಪಡಿ ತಂದು, ಐರ್ಲೆಂಡನ್ನು ಮರೆತವರ ನಿದ್ದೆ ಕೆಡಿಸಿದರು. 1885ರ ಹೊತ್ತಿಗೆ ಅವರ ಪಕ್ಷಕ್ಕೆ 86 ಸ್ಥಾನ. ಸಂಸತ್ತಿನ ಕೆಲಸ ಅಂದರೆ ಇದು.

ನೇರನುಡಿ: "ಗಂಟೆಗಟ್ಟಲೆ ಮಾತಾಡಿ" ಅಂತ ನೀವೇ ಬರೆದಿದ್ದೀರಿ. ಅದು ಕೆಲಸವಲ್ಲ, ಅಡ್ಡಗಾಲು. 1881ರ ಜನವರಿ ಕೊನೆಗೆ ಶುರುವಾದ ಕಲಾಪ 41 ಗಂಟೆ ಎಳೆಯಿತು. ಸ್ಪೀಕರ್ ಬ್ರ್ಯಾಂಡ್ ತಾವೇ ಚರ್ಚೆ ನಿಲ್ಲಿಸಬೇಕಾಯಿತು. ಮಾರನೇ ದಿನ 36 ಐರಿಷ್ ಸದಸ್ಯರು ಸಭೆಯಿಂದ ಹೊರಗೆ. ಮುಂದಿನ ವರ್ಷ ಚರ್ಚೆ ಮೊಟಕು ಮಾಡುವ ನಿಯಮವೇ ಬಂತು. ಲಾಭ ಯಾರಿಗೆ? ಈ ಉಪಾಯ ಪಾರ್ನೆಲ್ ಅವರದ್ದೂ ಅಲ್ಲ, ಬೆಲ್‌ಫಾಸ್ಟಿನ ಒಬ್ಬ ಹಂದಿಮಾಂಸದ ವ್ಯಾಪಾರಿಯದ್ದು.

ಬೆಳ್ಳಿಚುಕ್ಕಿ: "ಒಬ್ಬ ಹಂದಿಮಾಂಸದ ವ್ಯಾಪಾರಿ" ಅಂದರೇನು? ಅವರಿಗೊಂದು ಹೆಸರಿದೆ, ಜೋಸೆಫ್ ಬಿಗ್ಗರ್. ಕ್ಯಾವನ್ ಕ್ಷೇತ್ರದ ಸದಸ್ಯರು. 1875ರ ಏಪ್ರಿಲ್ 22ರಂದು ಸರ್ಕಾರಿ ವರದಿಗಳನ್ನು ಓದುತ್ತಾ ಸುಮಾರು ನಾಲ್ಕು ಗಂಟೆ ನಿಂತರು. ಪಾರ್ನೆಲ್ ಸಭೆಗೆ ಕಾಲಿಟ್ಟಿದ್ದೂ ಅದೇ ದಿನ! ಗುರು ಯಾರು, ಶಿಷ್ಯ ಯಾರು ಅಂತ ಇಲ್ಲೇ ಗೊತ್ತಾಗುತ್ತೆ ಅಲ್ವಾ?

ತುಂಗಾತೀರ: ಗುರು ಶಿಷ್ಯ ಅನ್ನೋದೆಲ್ಲ ಸುಮ್ನೆ ಮಾತು. ಬಿಗ್ಗರ್ ಓದಿದ್ದು ಹೊತ್ತು ಕಳೆಯಲಿಕ್ಕೆ. ಪಾರ್ನೆಲ್ ಒಂದೊಂದು ಕಲಮು ಹಿಡಿದು ವಾದಿಸಿದರು. ಸೈನಿಕರಿಗೆ ಚಾವಟಿಯಲ್ಲಿ ಹೊಡೆಯುವ ಶಿಕ್ಷೆ ಬೇಡ ಅಂತ 1879ರಲ್ಲಿ ಪಟ್ಟು ಹಿಡಿದರು. 1881ರಲ್ಲಿ ಅದು ರದ್ದಾಯಿತು.

ಬೆಳ್ಳಿಚುಕ್ಕಿ: "ಹೊತ್ತು ಕಳೆಯಲಿಕ್ಕೆ"! ಅವತ್ತು ಯಾವ ಮಸೂದೆ ಬಂದಿತ್ತು ಅಂತಾದರೂ ನೋಡಿದ್ದೀರಾ? ಐರ್ಲೆಂಡಿನ ಜನರ ಬಾಯಿ ಕಟ್ಟುವ ಕಾನೂನದು. ದನಿ ಕೇಳಿಸುತ್ತಿಲ್ಲ ಅಂತ ಸ್ಪೀಕರ್ ಅಂದಾಗ ಬಿಗ್ಗರ್ ಹತ್ತಿರ ಬಂದು, ಹಾಗಾದರೆ ಮೊದಲಿಂದ ಓದುತ್ತೇನೆ ಅಂದರು ಎಂಬ ಕಥೆಯೂ ಇದೆ. ನಿಮಗೆ ವ್ಯಾಪಾರಿ ಅಂದರೆ ತಾತ್ಸಾರ. ಪಾರ್ನೆಲ್ ವಿಕ್ಲೋದ ಜಮೀನ್ದಾರರ ಮಗ ಅನ್ನುವುದನ್ನೂ ಬರೆಯಿರಿ.

ತುಂಗಾತೀರ: ಆ ಜಮೀನ್ದಾರರ ಮಗ ಪಾರ್ನೆಲ್ ಅವರೇ ಗೇಣಿದಾರರ ಪರ ನಿಂತು 1881ರ ಅಕ್ಟೋಬರಿನಲ್ಲಿ ಕಿಲ್ಮೈನಮ್ ಜೈಲು ಸೇರಿದರು. ತಾತ್ಸಾರದ ಮಾತು ನನ್ನದಲ್ಲ. ಹಂದಿಮಾಂಸ ಎಳೆದು ತಂದವರನ್ನು ಕೇಳಿ.

ನೇರನುಡಿ: ಅದು ಅವರ ಕಸುಬು. ಹೇಳಿದರೆ ತಪ್ಪೇನು?

ಹಳೇಪುಟ: ಕಸುಬು ಬಿಡಿ. ಐಸಾಕ್ ಬಟ್ ಅವರನ್ನು ಯಾಕೆ ಯಾರೂ ನೆನೆಯುವುದಿಲ್ಲ? ಐರ್ಲೆಂಡಿಗೆ ತನ್ನದೇ ಶಾಸನಸಭೆ ಬೇಕು ಅಂತ ಹೋಂ ರೂಲ್ ಪಕ್ಷ ಕಟ್ಟಿದವರು ಅವರು. ಈ ಅಡ್ಡಿ ಬೇಡ ಅಂತ 1877ರಲ್ಲಿ ಸಭೆಯಲ್ಲೇ ಪಾರ್ನೆಲ್‌ಗೆ ಹೇಳಿದ್ದರು.

ತುಂಗಾತೀರ: ಬಟ್ ಮರ್ಯಾದೆಯಾಗಿ ಕೇಳಿದರು. ಹೋಂ ರೂಲ್ ಒಂದಡಿ ಮುಂದೆ ಹೋಗಲಿಲ್ಲ. ಪಾರ್ನೆಲ್ ಕಾಲದಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಅವರೇ ಮಸೂದೆ ತಂದರು.

ನೇರನುಡಿ: "ತಂದರು", ಸರಿ. 1886ರಲ್ಲಿ 30 ಮತಗಳಿಂದ ಬಿದ್ದೂ ಹೋಯಿತು. ಅದನ್ನು ಯಾಕೆ ಬಿಟ್ಟಿರಿ?

ಬೆಳ್ಳಿಚುಕ್ಕಿ: ಇಷ್ಟು ಮಾತಾದರೂ ಬಿಗ್ಗರ್ ಮೊದಲು ಅಂತ ನೀವು ಒಪ್ಪಲಿಲ್ಲ. ಏಪ್ರಿಲ್ 22. ಇನ್ನೊಮ್ಮೆ ನೋಡಿ.