ಸಹಾಯ ಬೇಕು: ಹೆರಕಲ್ ಹಿನ್ನೀರಿನ ಹತ್ತಿರ ಕ್ಯಾಂಪರ್ ಗಾಡಿ ನಿಲ್ಲಿಸಾಕ ಗಟ್ಟಿ ನೆಲ

ಬಾಗಲಕೋಟಿ ಕಡೆಯ ಅಣ್ಣಾರ, ಅಕ್ಕಾರ, ಫೆಬ್ರವರಿ ಕೊನೀಗೆ ಇಬ್ಬರು ಒಂದು ರಾತ್ರಿ ಗಾಡಿಯೊಳಗ ಮಲಗಿ, ದಂಡಿಗುಂಟ ಅಡ್ಡಾಡಿ ಹಕ್ಕಿ ನೋಡೋ ವಿಚಾರ ಐತಿ. ಗಾಡಿ ಟೆಂಪೋ ಟ್ರಾವೆಲರ್ ಮ್ಯಾಲೆ ಕಟ್ಟಿದ್ದು, ಸಾಮಾನು ತುಂಬಿದರ ಸುಮಾರು ಮೂರೂವರೆ ಟನ್. ಎಂಜಿನ್ನಿನ ಎಳೆತ ಹಿಂದಿನ ಗಾಲಿಗಷ್ಟ.

ತೊಡಕು ನೆಲದ್ದ. ಈ ಹಿನ್ನೀರು ಆಲಮಟ್ಟಿ ಅಣೆಕಟ್ಟಿಂದು; ನೀರು ಪೂರ್ತಿ ತುಂಬಿದ ಮಟ್ಟ 519.60 ಮೀಟರಿನಿಂದ (ಸಮುದ್ರ ಮಟ್ಟದಿಂದ) ಇಳಿದಂಗ ದಂಡಿ ಅಗಲ ಆಗ್ತೈತಿ ಖರೆ, ಆದರ ಹಿಂದ ಉಳಿಯೋದು ಎರಿ ಮಣ್ಣು, ಹೂಳು. ಮ್ಯಾಲೆ ಬಿರುಕು ಬಿಟ್ಟು ಒಣಗಿದಂಗ ಕಾಣತೈತಿ, ಗೇಣು ಕೆಳಗ ಹಸಿ. ಉಸುಕಿನಾಗ ಟೈರಿನ ಗಾಳಿ ಇಳಿಸಿದರ ಗಾಡಿ ಎದ್ದು ಬರತೈತಿ. ಎರಿಯೊಳಗ ಮಣ್ಣು ಟೈರಿನ ಗೆರಿ ತುಂಬಿ ಗಾಲಿ ಬರೇ ತಿರಗತೈತಿ. ಆಮೇಲೆ ಟ್ರ್ಯಾಕ್ಟರೇ ಗತಿ. ಹಿಂಗಾಗಿ ಗರಸು ಇಲ್ಲಾ ಕಲ್ಲು ನೆಲ ಬೇಕು. ನೀರಿನಿಂದ 500 ಮೀಟರ್ ದೂರ ಇದ್ದರೂ ನಡೀತೈತಿ.

ಮುಂಜಾನೆ ಸೂರ್ಯ ಬೆನ್ನಿಗೆ ಇರಬೇಕು, ಅಂದರ ನೀರು ನಮಗ ಪಡುವಣಕ್ಕ. ಇಲ್ಲಂದ್ರ ರಾಜಹಂಸ, ಪಟ್ಟೆತಲೆ ಹೆಬ್ಬಾತು ಎಲ್ಲಾ ಬರೇ ಕರೀ ನೆರಳು. ಬಿಸಿಲು ಏರಿದ ಮ್ಯಾಲೆ ಝಳ ಕುಣಿದು 60 ಪಟ್ಟು ದೊಡ್ಡದಾಗಿ ತೋರಿಸೋ ಸ್ಕೋಪಿನಾಗೂ (ದೂರದ ಹಕ್ಕಿ ನೋಡೋ ದುರ್ಬೀನು) ಮಸುಕ.

ಇನ್ನೊಂದು: ನದಿ ರೀವ, ಚಿಟವ ಅನ್ನೋ ಹಕ್ಕಿ ಬರೇ ನೆಲದ ಮ್ಯಾಲೇ ತತ್ತಿ ಇಡತಾವ, ಕಾಲಾಗ ಸಿಕ್ಕರೂ ಗೊತ್ತಾಗಂಗಿಲ್ಲ. ಅಂಥ ದಿಬ್ಬ, ನಡುಗಡ್ಡಿ ಯಾವ ಕಡೆ ಅದಾವ ಹೇಳ್ರಿ, ಅಲ್ಲಿ ಕಾಲಿಡಂಗಿಲ್ಲ. ಹೊಲ ಬಿತ್ತಿದ್ದರ ಯಾರನ್ನ ಕೇಳಿ ನಿಲ್ಲಿಸಬೇಕು ಅನ್ನೋದೂ ತಿಳಿಸ್ರಿ.

ಮ್ಯಾಪಿನ ಪಿನ್ ಕಳಿಸಿದರ ಸಾಕು. ನೀರು ತುಂಬಿದಾಗಿನ ಪಿನ್ ಮಾತ್ರ ಬ್ಯಾಡ್ರಿ, ಬ್ಯಾಸಗಿಗೆ ಅದು ನೀರಿನಿಂದ ಭಾಳ ದೂರ ಉಳಿತೈತಿ.