ಫ್ಯಾನ್ ತಿರುಗುತ್ತಿದ್ದರೂ ನಿಂತಲ್ಲೇ ಎಂಜಿನ್ ಬಿಸಿಯೇರುತ್ತಿದೆ: ಕಾರಣವೇನು?

ನಾಲ್ಕನೇ ಗೇರ್:
ಈ ಸಮಸ್ಯೆಯಿಂದ ನಿಜಕ್ಕೂ ಬೇಸತ್ತು ಬರೆಯುತ್ತಿದ್ದೇನೆ. ಕಾರು ಓಡುತ್ತಿರುವಷ್ಟು ಹೊತ್ತು ಉಷ್ಣತೆಯ ಮುಳ್ಳು ನಡುಮಧ್ಯದಲ್ಲಿ ಅಲುಗಾಡದೆ ನಿಂತಿರುತ್ತದೆ. ಆದರೆ ಸಿಗ್ನಲ್ಲಿನಲ್ಲೋ ದಟ್ಟಣೆಯಲ್ಲೋ ಸ್ವಲ್ಪ ಹೊತ್ತು ನಿಂತರೆ ಸಾಕು, ಅದು ಏರತೊಡಗಿ ಕೆಂಪು ಗೆರೆಯ ಹತ್ತಿರಕ್ಕೆ ಹೋಗುತ್ತದೆ. ಎ.ಸಿ. ಹಾಕಿದ್ದರೆ ಇನ್ನೂ ಬೇಗ ಏರುತ್ತದೆ. ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಹೊಸದು, ಮಟ್ಟ ಸರಿಯಾಗಿದೆ, ಎಲ್ಲಿಯೂ ಸೋರಿಕೆಯಿಲ್ಲ, ರೇಡಿಯೇಟರ್ ಮುಚ್ಚಳವನ್ನೂ ಬದಲಾಯಿಸಿದ್ದಾಗಿದೆ. ಫ್ಯಾನ್ ತಿರುಗುತ್ತಿದೆ, ಆದ್ದರಿಂದ ಫ್ಯಾನನ್ನು ನೋಡಿ ಎಂಬ ಸಲಹೆ ದಯವಿಟ್ಟು ಬೇಡ. ಬೇರೆ ಕಾರಣ ತಿಳಿದವರು ಹೇಳಿ.

ಹಳೆ ಕಾರ್ಬ್ಯುರೇಟರ್:
ಇದು ಥರ್ಮೋಸ್ಟಾಟ್ (ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಅಲ್ಲದೆ ಬೇರೇನೂ ಅಲ್ಲ. ಅದರೊಳಗಿನ ಮೇಣ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿ ಹಿಗ್ಗಿ ಕವಾಟವನ್ನು ತೆರೆಯಬೇಕು. ಹಳೆಯದಾದಾಗ ಕವಾಟ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಓಡುವಾಗ ಪಂಪ್ ಜೋರಾಗಿ ತಿರುಗುವುದರಿಂದ ಆ ಅರ್ಧ ಕಂಡಿಯಲ್ಲೂ ಕೂಲಂಟ್ ನುಗ್ಗಿ ಹೋಗುತ್ತದೆ, ನಿಂತಾಗ ಹೋಗುವುದಿಲ್ಲ. ಅದನ್ನು ಬಿಚ್ಚಿ ಎಸೆದು ಖಾಲಿ ಬಿಟ್ಟು ಓಡಿಸಿ ನೋಡಿ, ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹೋಸ್ ಕ್ಲ್ಯಾಂಪ್:
ಎಸೆಯುವ ಮೊದಲು ಕೆಲವು ವಿವರಗಳು ಬೇಕು. ಎಂಜಿನ್ ಎಷ್ಟು ದೊಡ್ಡದು, ಫ್ಯಾನ್ ಒಂದೇ ಇದೆಯೋ ಎರಡೋ, ಮುಳ್ಳು ಏರಿದಾಗ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್ ಎಷ್ಟೆಷ್ಟು ಬಿಸಿ ಇರುತ್ತವೆ ಎಂಬುದನ್ನು ತಿಳಿಸಿ. ಹೋಸನ್ನು ಬರಿಗೈಯಲ್ಲಿ ಹಿಡಿಯಬೇಡಿ, ದೂರದಿಂದ ಅಳೆಯುವ ಇನ್ಫ್ರಾರೆಡ್ ಮಾಪಕವನ್ನು ಬಳಸಿ. ಎಂಜಿನ್ ಕಾದಿರುವಾಗ ಮುಚ್ಚಳವನ್ನಂತೂ ಮುಟ್ಟಲೇಬೇಡಿ: ಸುಮಾರು ಒಂದು ಬಾರ್ ಒತ್ತಡದಲ್ಲಿ ಆ ದ್ರವ 100 ಡಿಗ್ರಿ ದಾಟಿದ ಮೇಲೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲವಾಗಿ ಒತ್ತಡ ಇಳಿದ ಕೂಡಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ನಾಲ್ಕನೇ ಗೇರ್:
1.2 ಲೀಟರ್ ಪೆಟ್ರೋಲ್ ಎಂಜಿನ್. ರೇಡಿಯೇಟರಿನ ಹಿಂದೆ ಒಂದೇ ಶ್ರೌಡಿನಲ್ಲಿ (ಫ್ಯಾನ್ ಸುತ್ತಲಿನ ಚೌಕಟ್ಟಿನಲ್ಲಿ) ಅಕ್ಕಪಕ್ಕ ಎರಡು ಫ್ಯಾನ್‌ಗಳಿವೆ ಮತ್ತು ಎರಡೂ ತಿರುಗುತ್ತವೆ. ಥರ್ಮೋಸ್ಟಾಟನ್ನು ಬಿಚ್ಚಿ ಥರ್ಮಾಮೀಟರಿನ ಜೊತೆಗೆ ನೀರಿನಲ್ಲಿ ಕಾಯಿಸಿ ನೋಡಿದೆ. 83 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡತೊಡಗಿ, 95ರ ಹೊತ್ತಿಗೆ ಪೂರ್ತಿ ತೆರೆದುಕೊಂಡಿತು. ಅದನ್ನೇ ಮತ್ತೆ ಕೂರಿಸಿ ಕಾರನ್ನು ನಿಂತಲ್ಲೇ ಓಡಲು ಬಿಟ್ಟು, ಮುಳ್ಳು ಏರಿದ ಮೇಲೆ ಅಳೆದಾಗ ಮೇಲಿನ ಹೋಸ್ 101, ಕೆಳಗಿನದು 98 ಡಿಗ್ರಿ ತೋರಿಸಿತು.

ಹಳೆ ಕಾರ್ಬ್ಯುರೇಟರ್:
ಪಾತ್ರೆಯಲ್ಲಿ ತೆರೆದುಕೊಂಡದ್ದು ಎಂಜಿನ್ನಿನಲ್ಲಿಯೂ ತೆರೆದುಕೊಳ್ಳುತ್ತದೆ ಎಂಬ ಭರವಸೆ ಏನಿದೆ? ನಾನು ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ತೆಗೆದುಹಾಕಿ.

ಹೋಸ್ ಕ್ಲ್ಯಾಂಪ್:
ಹೋಸ್‌ಗಳ ಅಳತೆಯೇ ಉತ್ತರ ಹೇಳುತ್ತಿದೆ. ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೆ ಎಂಜಿನ್ ಕುದಿಯುತ್ತಿರುವಾಗಲೂ ರೇಡಿಯೇಟರಿನ ಎರಡು ಹೋಸ್‌ಗಳಲ್ಲಿ ಒಂದಾದರೂ ತಣ್ಣಗೆ ಉಳಿಯಬೇಕಿತ್ತು. ಯಾವುದು ಉಳಿಯುತ್ತದೆ ಎಂಬುದು ಅದು ಎಂಜಿನ್ನಿನ ಹೊರದಾರಿಯಲ್ಲಿದೆಯೋ ಒಳದಾರಿಯಲ್ಲಿದೆಯೋ ಎಂಬುದನ್ನು ಅವಲಂಬಿಸಿದೆ. ಇಲ್ಲಿ ಎರಡೂ ಕಾದಿವೆ, ನಡುವಿನ ಅಂತರ ಬರೀ ಮೂರು ಡಿಗ್ರಿ. ಅಂದರೆ ಕೂಲಂಟ್ ಹರಿಯುತ್ತಿದೆ, ರೇಡಿಯೇಟರಿಗೆ ಹೋಗಿ ಬರುತ್ತಲೂ ಇದೆ, ಆದರೆ ಹೊತ್ತು ತಂದ ಬಿಸಿಯನ್ನು ಅಲ್ಲಿ ಬಿಡದೆ ಹಿಂತಿರುಗುತ್ತಿದೆ. ಇದು ನೀರಿನ ಕಡೆಯ ದೋಷದಂತೆ ಕಾಣುವುದಿಲ್ಲ, ಗಾಳಿಯ ಕಡೆಯ ದೋಷದಂತೆ ಕಾಣುತ್ತದೆ. ಕಂಡೆನ್ಸರಿಗೂ (ಎ.ಸಿ.ಯ ಬಿಸಿಯನ್ನು ಹೊರಬಿಡುವ ಜಾಲರಿ) ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಸ, ಹುಳ, ಧೂಳು ಕಟ್ಟಿಕೊಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ನಾಲ್ಕನೇ ಗೇರ್:
ಸಂದಿ ಸ್ವಚ್ಛವಾಗಿದೆ. ಇರಲಿ ಎಂದು ಥರ್ಮೋಸ್ಟಾಟನ್ನೂ ತೆಗೆದು ಓಡಿಸಿ ನೋಡಿದೆ. ನಿಂತಾಗ ಮೊದಲಿನಂತೆಯೇ ಬಿಸಿಯೇರುತ್ತದೆ. ಹೆದ್ದಾರಿಯಲ್ಲಿ ಮಾತ್ರ ಈಗ ಮುಳ್ಳು ಮೇಲೇಳುವುದೇ ಇಲ್ಲ, ಎಂಜಿನ್ ದೀಪ ಹತ್ತಿಕೊಂಡಿದೆ. ಸ್ಕ್ಯಾನರ್ ಪಿ0128 ಎಂಬ ಸಂಕೇತವನ್ನು ತೋರಿಸುತ್ತಿದೆ. ಒಂದಿದ್ದ ಸಮಸ್ಯೆ ಎರಡಾಯಿತು.

ರೇಡಿಯೇಟರ್ ರಾಯ:
ಆ ಸಂಕೇತದ ಅರ್ಥ ಕೂಲಂಟ್ ಥರ್ಮೋಸ್ಟಾಟಿನ ಮಟ್ಟಕ್ಕೆ ಕಾಯುತ್ತಿಲ್ಲ ಎಂದು. ಅದನ್ನು ತೆಗೆದಿರುವಾಗ ಬರಲೇಬೇಕಾದದ್ದು ಬಂದಿದೆ. ಥರ್ಮೋಸ್ಟಾಟಿಲ್ಲದೆ ಓಡಿಸುವ ಈ ಹಳೆಯ ಚಾಳಿ ಯಾಕೆ ಇನ್ನೂ ಸಾಯುತ್ತಿಲ್ಲವೋ ತಿಳಿಯದು. ಎಂಜಿನ್ ತಣ್ಣಗಿದೆ ಎಂದು ಇ.ಸಿ.ಯು. (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಆಯಿಲ್ ತನ್ನ ಉಷ್ಣತೆಗೆ ಬರುವುದಿಲ್ಲ, ಸಿಲಿಂಡರ್ ಸವೆತ ಹೆಚ್ಚುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಹಿಂಬದಿಯ ತಟ್ಟೆಯೇ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥದ್ದರಲ್ಲಿ ತೆಗೆದುಹಾಕಿದರೆ ಒಂದಷ್ಟು ಕೂಲಂಟ್ ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ, ಬಿಸಿ ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವೂ ಇದೆ.

ಹಳೆ ಕಾರ್ಬ್ಯುರೇಟರ್:
ನನ್ನ ಕಾರು ವರ್ಷಗಳಿಂದ ಥರ್ಮೋಸ್ಟಾಟಿಲ್ಲದೆಯೇ ಓಡುತ್ತಿದೆ ಮತ್ತು ಒಮ್ಮೆಯೂ ಕುದಿದಿಲ್ಲ. ಅದರಲ್ಲಿ ಮೂರು ಸಾಲಿನ ತಾಮ್ರದ ರೇಡಿಯೇಟರ್ ಇದೆ, ಪಂಪಿನ ಮೂತಿಗೇ ಕಟ್ಟಿದ ಆರು ರೆಕ್ಕೆಯ ಫ್ಯಾನ್ ಇದೆ. ಈಗಿನ ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್‌ಗಳನ್ನು ಇಟ್ಟುಕೊಂಡು ನನಗೆ ಪಾಠ ಹೇಳುವುದು ಬೇಡ.

ರೇಡಿಯೇಟರ್ ರಾಯ:
ಪಂಪಿಗೆ ಕಟ್ಟಿದ ಫ್ಯಾನ್ ಎಂಜಿನ್ ಓಡುವಷ್ಟು ಹೊತ್ತೂ ತಾನಾಗಿ ತಿರುಗುತ್ತದೆ. ಇಲ್ಲಿ ಕೇಳಿರುವುದು ಸೆನ್ಸರ್ ಹೇಳಿದಾಗ ಮಾತ್ರ ತಿರುಗುವ ವಿದ್ಯುತ್ ಫ್ಯಾನಿನ ವಿಷಯ. ಎರಡಕ್ಕೂ ಹೋಲಿಕೆಯೇ ಇಲ್ಲ.

ಮಿಲಿವೋಲ್ಟ್:
ಥರ್ಮೋಸ್ಟಾಟಿನ ಜಗಳವನ್ನು ಪಕ್ಕಕ್ಕಿಟ್ಟು ವಿದ್ಯುತ್ತಿನ ಕಡೆ ನೋಡೋಣ. ಫ್ಯಾನ್ ತಿರುಗುತ್ತಿದೆ ಎಂದರೆ ಸಾಲದು, ತನ್ನ ಪೂರ್ತಿ ವೇಗದಲ್ಲಿ ತಿರುಗುತ್ತಿದೆಯೇ ಎಂಬುದು ಮುಖ್ಯ. ಇಂಥ ಮೋಟಾರುಗಳು ಹತ್ತು ಆಂಪಿಯರ್ ಮೀರಿ ಎಳೆಯುವುದು ಸಾಮಾನ್ಯ; ಅಷ್ಟು ಪ್ರವಾಹದಲ್ಲಿ ಕಿಲುಬು ಹಿಡಿದ ಒಂದು ಟರ್ಮಿನಲ್ ಸಹ ಹಲವು ವೋಲ್ಟ್ ನುಂಗಿಬಿಡುತ್ತದೆ. ಪ್ಲಗ್ ಕಳಚಿ ಅಳೆದರೆ 12 ವೋಲ್ಟ್ ಕಾಣಿಸಿ ಮೋಸ ಮಾಡುತ್ತದೆ. ಆದ್ದರಿಂದ ಎ.ಸಿ. ಹಾಕಿ, ಎರಡೂ ಫ್ಯಾನ್ ತಿರುಗುತ್ತಿರುವಾಗಲೇ, ಮೋಟಾರಿಗೆ ಆದಷ್ಟು ಹತ್ತಿರದಲ್ಲಿ ವೈರ್‌ಗಳ ಹಿಂಬದಿಯಿಂದ ಮೊನೆ ತಾಗಿಸಿ ಅಳೆಯಿರಿ. ಹಾಗೆಯೇ ಬ್ಯಾಟರಿಯ ಋಣ ತುದಿಗೂ ಮೋಟಾರಿನ ಅರ್ತ್ ವೈರಿಗೂ ನಡುವೆ ಅಳೆದಾಗ 0.2 ವೋಲ್ಟ್‌ಗಿಂತ ಹೆಚ್ಚು ಬರಬಾರದು. ತೋಳು, ದಾರ, ಸರ ಯಾವುದೂ ರೆಕ್ಕೆಯ ಹತ್ತಿರ ಬಾರದಂತೆ ನೋಡಿಕೊಳ್ಳಿ.

ನಾಲ್ಕನೇ ಗೇರ್:
ಎಡ ಫ್ಯಾನಿನಲ್ಲಿ 13.3 ವೋಲ್ಟ್, ಬಲ ಫ್ಯಾನಿನಲ್ಲಿ 13.2. ಎಡಗಡೆಯ ಅರ್ತ್ 0.08 ತೋರಿಸಿತು, ಬಲಗಡೆಯದನ್ನು ಅಳೆಯಲು ಕೈ ಹೋಗಲಿಲ್ಲ. ಎರಡೂ ಅಳತೆಗಳ ಚಿತ್ರ ಹಾಕಿದ್ದೇನೆ. ಈಗಲಾದರೂ ಫ್ಯಾನಿನಲ್ಲಿ ದೋಷವಿಲ್ಲ ಎಂದು ಒಪ್ಪುತ್ತೀರಾ? ನನ್ನ ಅನುಮಾನ ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಹಾಳೆ) ಮೇಲೆ.

ರೇಡಿಯೇಟರ್ ರಾಯ:
ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಏರು ಹತ್ತುವಾಗ, ಎಂಜಿನ್ ಮೇಲೆ ಭಾರ ಬಿದ್ದಾಗ ಮೊದಲು ಕಾಯುತ್ತದೆ. ಕೂಲಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ತೊಟ್ಟಿಯಲ್ಲಿ ಗುಳ್ಳೆಗಳು ಏಳುತ್ತವೆ. ನಿಮ್ಮಲ್ಲಿ ಇದಾವುದೂ ಇಲ್ಲ. ಸಂಶಯವಿದ್ದರೆ ದಹನಾನಿಲವನ್ನು ಪತ್ತೆಹಚ್ಚುವ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಅನಿಲ ಕೂಲಂಟಿಗೆ ಸೇರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚುವ ಮಾತು ಆಮೇಲೆ.

ಮಿಲಿವೋಲ್ಟ್:
ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಇರುವುದು 13.2 ಅಲ್ಲ, ಸಂಖ್ಯೆಯ ಎಡಕ್ಕೆ ಋಣ ಚಿಹ್ನೆ ಇದೆ. ಮಲ್ಟಿಮೀಟರಿನ ಕೆಂಪು ಮೊನೆ ಮೋಟಾರಿನ ಕೆಂಪು ವೈರಿಗೂ ಕಪ್ಪು ಮೊನೆ ಕಪ್ಪು ವೈರಿಗೂ ತಾಗಿರುವುದು ಚಿತ್ರದಲ್ಲೇ ಕಾಣುತ್ತದೆ. ಇನ್ನೊಂದು ವಿಷಯ: ಅಲ್ಲಿ ಕಂಪನಿಯ ಪ್ಲಗ್ ಇಲ್ಲ, ವೈರ್‌ಗಳನ್ನು ಹೆಣೆದು ಟೇಪ್ ಸುತ್ತಲಾಗಿದೆ. ಈ ಫ್ಯಾನಿಗೆ ಯಾರಾದರೂ ಕೈ ಹಾಕಿದ್ದಾರೆಯೇ?

ಹಳೆ ಕಾರ್ಬ್ಯುರೇಟರ್:
ಮೊನೆಗಳು ಅದಲುಬದಲಾದರೆ ಎಲ್ಲ ಮಲ್ಟಿಮೀಟರುಗಳೂ ಋಣ ಚಿಹ್ನೆ ತೋರಿಸುತ್ತವೆ. ಅದಕ್ಕೆ ಅರ್ಥ ಹುಡುಕುವುದು ಕಾಲಹರಣ.

ಮಿಲಿವೋಲ್ಟ್:
ಮೊನೆಗಳು ಅದಲುಬದಲಾಗಿಲ್ಲ, ಕೆಂಪು ಕೆಂಪಿಗೇ ತಾಗಿದೆ ಎಂದು ಈಗಷ್ಟೇ ಬರೆದೆ. ಹಾಗಿದ್ದೂ ಋಣ ಬಂದರೆ ಅದಲುಬದಲಾಗಿರುವುದು ವೈರ್.

ನಾಲ್ಕನೇ ಗೇರ್:
ಹೌದು, ಬಲಗಡೆಯ ಮೋಟಾರ್ ಸುಟ್ಟುಹೋಗಿತ್ತು, ಒಂದು ವರ್ಕ್‌ಶಾಪಿನಲ್ಲಿ ಹೊಸದನ್ನು ಹಾಕಿದರು. ಹೊಸ ಮೋಟಾರಿನ ಪ್ಲಗ್ ಕೂರದ ಕಾರಣ ಅದನ್ನು ಕತ್ತರಿಸಿ ನೇರವಾಗಿ ಜೋಡಿಸಿದ್ದಾಗಿ ಹೇಳಿದ್ದರು. ಅದಾದ ಮೇಲೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿರುವಾಗ ಈ ಸಂಗತಿಗೂ ಬಿಸಿಗೂ ಏನು ಸಂಬಂಧ?

ಹೋಸ್ ಕ್ಲ್ಯಾಂಪ್:
ಸಂಬಂಧ ಅಲ್ಲೇ ಇದೆ. ಎರಡು ವೈರಿನ ಸಾಧಾರಣ ಡಿ.ಸಿ. ಮೋಟಾರಿನಲ್ಲಿ ಧನ ಋಣ ತಿರುವುಮುರುವಾದರೆ ಮೋಟಾರ್ ನಿಲ್ಲುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ತಕರಾರು ಮಾಡುವುದಿಲ್ಲ. ಅದು ಹಿಂದುಮುಂದಾಗಿ ತಿರುಗುತ್ತದೆ, ಅಷ್ಟೇ. ಬಾನೆಟ್ ತೆಗೆದು ನೋಡುವವರಿಗೆ ಮಬ್ಬಾಗಿ ಸುತ್ತುವ ರೆಕ್ಕೆ ಕಾಣುತ್ತದೆಯೇ ಹೊರತು ದಿಕ್ಕು ಕಾಣುವುದಿಲ್ಲ. ನಿಮ್ಮ ಎಡ ಫ್ಯಾನ್ ಮುಂದಿನ ಗಾಳಿಯನ್ನು ಹಿಂದಕ್ಕೆ ಎಳೆಯುತ್ತಿದೆ, ಬಲ ಫ್ಯಾನ್ ಎಂಜಿನ್ ಕೋಣೆಯ ಬಿಸಿಗಾಳಿಯನ್ನು ರೇಡಿಯೇಟರಿನ ಮೂಲಕ ಮುಂದಕ್ಕೆ ತಳ್ಳುತ್ತಿದೆ, ಮುಂದೆ ಬಂದ ಆ ಬಿಸಿಗಾಳಿಯನ್ನೇ ಎಡ ಫ್ಯಾನ್ ಮತ್ತೆ ಒಳಗೆಳೆದುಕೊಳ್ಳುತ್ತಿದೆ. ಗಂಟೆಗೆ ಐವತ್ತು ಅರುವತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ ಎದುರುಗಾಳಿಯೇ ಸಾಕಾಗುವುದರಿಂದ ಓಡುವಾಗ ತೊಂದರೆ ಗೊತ್ತಾಗುವುದಿಲ್ಲ. ಎ.ಸಿ. ಹಾಕಿದಾಗ ಕಂಡೆನ್ಸರಿನ ಬಿಸಿಯೂ ಅದೇ ಸುತ್ತಿಗೆ ಸೇರುತ್ತದೆ. ನಿಂತಾಗ ಎ.ಸಿ.ಯ ತಂಪೂ ಕಡಿಮೆಯಾಗುತ್ತಿರಬೇಕು, ನೋಡಿ.

ಇದನ್ನು ಖಚಿತಪಡಿಸಲು ಒಂದು ಹಾಳೆ ಕಾಗದ ಸಾಕು. ಎರಡೂ ಫ್ಯಾನ್ ತಿರುಗುತ್ತಿರುವಾಗ ಕಾರಿನ ಮುಂದೆ ನಿಂತು ಗ್ರಿಲ್ಲಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಳೆಯನ್ನು ಹಿಡಿಯಿರಿ. ಎಳೆಯುವ ಕಡೆ ಅದು ಅಂಟಿಕೊಂಡು ನಿಲ್ಲುತ್ತದೆ, ತಳ್ಳುವ ಕಡೆ ಹಾರಿಹೋಗುತ್ತದೆ.

ರೇಡಿಯೇಟರ್ ರಾಯ:
ರೆಕ್ಕೆಯನ್ನು ತಿರುಗಿಸಿ ಕೂರಿಸಿದ್ದರೂ ಹೀಗೆಯೇ ಆಗಬಹುದಲ್ಲವೇ?

ಹೋಸ್ ಕ್ಲ್ಯಾಂಪ್:
ಆಗುವುದಿಲ್ಲ. ರೆಕ್ಕೆಯನ್ನು ಮಗುಚಿ ಹಾಕಿದರೂ ಅದರ ಓರೆ ಅದೇ ಕೈಯದಾಗಿ ಉಳಿಯುವುದರಿಂದ ಗಾಳಿಯ ದಿಕ್ಕು ಬದಲಾಗುವುದಿಲ್ಲ. ಬಾಗು ತಲೆಕೆಳಗಾಗಿ ಗಾಳಿಯ ಪ್ರಮಾಣ ಮಾತ್ರ ಕುಗ್ಗುತ್ತದೆ. ದಿಕ್ಕು ಬದಲಾಗಬೇಕಾದರೆ ಮೋಟಾರೇ ಹಿಂದಕ್ಕೆ ತಿರುಗಬೇಕು.

ನಾಲ್ಕನೇ ಗೇರ್:
ಎಡಗಡೆ ಹಾಳೆ ಅಂಟಿಕೊಂಡಿತು. ಬಲಗಡೆ ಕೈಯಿಂದಲೇ ಹಾರಿಹೋಯಿತು. ಬ್ಯಾಟರಿ ಕಳಚಿ, ಟೇಪ್ ಬಿಚ್ಚಿ, ಎರಡು ವೈರ್‌ಗಳನ್ನು ಅದಲುಬದಲು ಮಾಡಿ ಜೋಡಿಸಿದೆ. ಈಗ ಎರಡೂ ಕಡೆ ಹಾಳೆ ನಿಲ್ಲುತ್ತದೆ. ಎ.ಸಿ. ಹಾಕಿ ನಿಂತಲ್ಲೇ ಬಹಳ ಹೊತ್ತು ಓಡಲು ಬಿಟ್ಟರೂ ಸ್ಕ್ಯಾನರಿನಲ್ಲಿ ಉಷ್ಣತೆ 93ರಿಂದ 99 ಡಿಗ್ರಿಯ ನಡುವೆ ಏರಿಳಿಯುತ್ತಿದೆ, ಕೆಳಗಿನ ಹೋಸ್ 86 ತೋರಿಸುತ್ತಿದೆ. ತಣ್ಣನೆಯ ಗಾಳಿಯೂ ಸರಿಯಾಗಿ ಬರುತ್ತಿದೆ. ವೈರ್ ಜೋಡಣೆಗೆ ಸದ್ಯಕ್ಕೆ ಟೇಪನ್ನೇ ಸುತ್ತಿದ್ದೇನೆ.

ಮಿಲಿವೋಲ್ಟ್:
ಟೇಪಿನ ಹೆಣಿಗೆಯನ್ನು ಹಾಗೆಯೇ ಬಿಡಬೇಡಿ. ಅಷ್ಟು ಪ್ರವಾಹಕ್ಕೆ ಅದು ಕ್ರಮೇಣ ಸಡಿಲವಾಗಿ ಕಾದು ಕರಗುತ್ತದೆ. ಕ್ರಿಂಪ್ ಮಾಡಿ (ಲೋಹದ ತುಂಡಿನೊಳಗೆ ವೈರ್‌ಗಳನ್ನಿಟ್ಟು ಇಕ್ಕಳದಿಂದ ಅದುಮಿ) ಶಾಖಕ್ಕೆ ಕುಗ್ಗುವ ಕೊಳವೆಯನ್ನು ಹಾಕಿ.

ಹಳೆ ಕಾರ್ಬ್ಯುರೇಟರ್:
ಕ್ರಿಂಪ್ ಯಾಕೆ, ಬೆಸುಗೆ ಹಾಕಿದರೆ ಜನ್ಮಕ್ಕೆ ಬಿಡುವುದಿಲ್ಲ. ಥರ್ಮೋಸ್ಟಾಟನ್ನು ಮತ್ತೆ ಹಾಕಬೇಕಾದ ಅಗತ್ಯವೂ ಈಗಿಲ್ಲ, ಚೆನ್ನಾಗಿಯೇ ಓಡುತ್ತಿದೆಯಲ್ಲ.

ಮಿಲಿವೋಲ್ಟ್:
ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ವೈರ್ ಆ ಭಾಗದಲ್ಲಿ ಸೆಟೆದುಕೊಳ್ಳುತ್ತದೆ, ಅಲುಗಾಟಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಎಂಜಿನ್ ಕೋಣೆಯಲ್ಲಿ ಕ್ರಿಂಪೇ ವಾಸಿ. ಥರ್ಮೋಸ್ಟಾಟನ್ನು ಹೊಸ ಗ್ಯಾಸ್ಕೆಟ್ ಸಮೇತ ಹಾಕಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿಗುಳ್ಳೆಗಳನ್ನು ಹೊರಹಾಕಿ. ಇಲ್ಲವಾದರೆ ಎಂಜಿನ್ ದೀಪ ಆರುವುದಿಲ್ಲ.

ನಾಲ್ಕನೇ ಗೇರ್:
ಹಾಕುತ್ತೇನೆ. ಇನ್ನೊಂದು ಗಮನಕ್ಕೆ ಬಂತು: ಎ.ಸಿ. ಹಾಕದೆ ಬಿಟ್ಟರೆ 96ರ ಹೊತ್ತಿಗೆ ಯಾವ ಫ್ಯಾನೂ ಹತ್ತುವುದಿಲ್ಲ, 102 ಆದಾಗ ಎರಡೂ ಒಟ್ಟಿಗೆ ಅಬ್ಬರಿಸುತ್ತವೆ. ಮೊದಲು ನಿಧಾನವಾಗಿ ಶುರುವಾಗುತ್ತಿತ್ತು ಎಂದು ನೆನಪು.

ರೇಡಿಯೇಟರ್ ರಾಯ:
ನಾನು ನನ್ನ ಕಾರಿಗೆ ಪ್ರತ್ಯೇಕ ರಿಲೇ, 40 ಆಂಪಿಯರ್ ಫ್ಯೂಸ್ ಮತ್ತು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿಕೊಂಡಿದ್ದೇನೆ. ಜೊತೆಗೆ ಕೂಲಂಟಿಗೂ ಆಯಿಲಿಗೂ ಬೇರೆ ಬೇರೆ ಮಾಪಕಗಳಿವೆ. ದಟ್ಟಣೆ ಕಂಡ ಕೂಡಲೇ ಫ್ಯಾನನ್ನು ನಾನೇ ಹಾಕುತ್ತೇನೆ. ಇ.ಸಿ.ಯು. ಹೇಳುವವರೆಗೆ ಕಾಯುವ ಗೋಜೇ ಇಲ್ಲ.

ಮಿಲಿವೋಲ್ಟ್:
ಸ್ವಿಚ್ ಹಾಕಿಕೊಂಡರೆ ದೋಷ ಮುಚ್ಚಿಹೋಗುತ್ತದೆ, ಸರಿಯಾಗುವುದಿಲ್ಲ. ನಾಲ್ಕನೇ ಗೇರ್ ಅವರೇ, ನಿಮ್ಮ ಕಾರಿನಲ್ಲಿ ನಿಧಾನ ವೇಗ ಎರಡು ರೀತಿಯಲ್ಲಿ ಸಿಗುತ್ತಿರಬಹುದು: ಶ್ರೌಡಿನ ಮೇಲೆ ಕೂರಿಸಿದ, ಪ್ರವಾಹವನ್ನು ತಗ್ಗಿಸುವ ರೆಸಿಸ್ಟರಿನಿಂದ, ಅಥವಾ ಮೂರು ರಿಲೇಗಳ ಮೂಲಕ ಎರಡೂ ಮೋಟಾರುಗಳನ್ನು ಸರಣಿಯಲ್ಲಿ ಜೋಡಿಸಿ ತಲಾ ಅರ್ಧ ವೋಲ್ಟೇಜ್ ಕೊಡುವುದರಿಂದ. ರೆಸಿಸ್ಟರ್ ಇದ್ದರೆ ಅದರ ರೋಧ ಸಾಮಾನ್ಯವಾಗಿ ಒಂದು ಓಮ್‌ಗಿಂತಲೂ ಕಡಿಮೆ. ಮಲ್ಟಿಮೀಟರಿನ ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಿ. ಅನಂತ ತೋರಿಸಿದರೆ ಅದು ಸುಟ್ಟಿದೆ ಎಂದೇ ಅರ್ಥ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಫ್ಯಾನಿಗೆ ಎಷ್ಟು ರಿಲೇಗಳಿವೆ ಎಂದು ಬರೆದಿರುತ್ತದೆ, ಅದರ ಚಿತ್ರ ಹಾಕಿ.

ನಾಲ್ಕನೇ ಗೇರ್:
ಮುಚ್ಚಳದ ಮೇಲಿನ ಅಕ್ಷರ ಅಳಿಸಿಹೋಗಿದೆ. ಒಂದೇ ಅಳತೆಯ ನಾಲ್ಕು ರಿಲೇಗಳು ಸಾಲಾಗಿ ಕಾಣುತ್ತಿವೆ. ಫ್ಯಾನಿನದು ಯಾವುದೆಂದು ಗುರುತಿಸುವುದು ಹೇಗೆ?